ಕೊನೆಯ ಪೇಪರಿನವರೆಗೆ

ನಮ್ಮ ಟೀಚರಮ್ಮನಿಗೆ 'ನೋಡೋಣ' ಎಂಬ ಮಾತು ಕಂಡರೆ ಆಗುತ್ತಿರಲಿಲ್ಲ. ಹೈಸ್ಕೂಲಿನ ಕೊನೆಯ ವರ್ಷದ ಮೊದಲ ದಿನ ಅವರು ತರಗತಿಗೆ ಬಂದವರೇ, ಹಾಜರಿ ಕೂಡ ತೆಗೆಯದೆ, "ಎಸ್ಸೆಸ್ಸೆಲ್ಸಿ ಆದ ಮೇಲೆ ಏನು?" ಎಂದು ಒಬ್ಬೊಬ್ಬಳನ್ನೇ ಕೇಳುತ್ತ ಹೋದರು. ನಾವು ಹೆಣ್ಣುಮಕ್ಕಳು ಏಳು ಜನ ಇದ್ದೆವು. ಮೊದಲನೆಯವಳು "ನೋಡೋಣ ಟೀಚರ್" ಎಂದಳು. ಎರಡನೆಯವಳೂ ಅದನ್ನೇ ಹೇಳಿದಳು. ನನ್ನ ಸರದಿ ಬರುವಷ್ಟರಲ್ಲಿ ಅವರ ಮೂಗು ಕೆಂಪಾಗಿತ್ತು.

"ಏನನ್ನ ನೋಡ್ತೀರೇ? ನೀವು ನೋಡ್ತಾ ಕೂತಿರಿ. ಅಷ್ಟರಲ್ಲಿ ನಿಮ್ಮನ್ನ ನೋಡೋಕೆ ಬರ್ತಾರೆ, ಉಪ್ಪಿಟ್ಟು ತಿಂದು ಹೋಗ್ತಾರೆ, ಮುಗೀತು ಕಥೆ."

ನಾವು ನಕ್ಕೆವು. ಅವರು ನಗಲಿಲ್ಲ. ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ ಮೂರು ಸಾಲು ಬರೆಯಿರಿ ಎಂದರು. ಏನಾಗಬೇಕು, ಅದಕ್ಕೆ ಏನು ಮಾಡಬೇಕು, ಯಾವ ತಾರೀಕಿನೊಳಗೆ. ಕೈಗೆ ಎಟುಕುವುದನ್ನು ಬರೆಯಿರಿ, ಚಂದ್ರ ಬೇಕು ಅಂತ ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ ಎಂದರು. ತಾರೀಕು ಇಲ್ಲದಿದ್ದರೆ ಅದು ಬರೀ ಆಸೆ, ಗುರಿಯಲ್ಲ ಎನ್ನುವುದು ಅವರ ಸಿದ್ಧಾಂತ. ಈ ಸಿದ್ಧಾಂತವನ್ನು ನಾನು ಅಕ್ಷರಶಃ ನಂಬಿದೆ. ಹದಿನಾರು ವರ್ಷದ ಹುಡುಗಿಗೆ ಗಣಿತದ ಸೂತ್ರವೂ ಟೀಚರಮ್ಮನ ಮಾತೂ ಒಂದೇ.

ನಾನು ಬರೆದದ್ದು ಇಷ್ಟು: ಟೀಚರ್ ಆಗಬೇಕು. ಅದಕ್ಕೆ ಮೈಸೂರಿಗೆ ಹೋಗಿ ಟ್ರೈನಿಂಗ್ ಮುಗಿಸಬೇಕು. ಅದಕ್ಕೆ ಮೊದಲು ಬರುವ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಬೇಕು. ಮಕ್ಕಳಿಗೆ ಜ್ಞಾನದಾನ ಮಾಡಬೇಕೆಂಬ ಹಂಬಲವೇನೂ ಆಗ ನನಗಿರಲಿಲ್ಲ. ಇತ್ತೆಂದು ಈಗ ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಟೀಚರಮ್ಮನ ಎಡಗೈಯಲ್ಲಿ ಒಂದು ಗಡಿಯಾರವಿತ್ತು. ಅವರು ಅದನ್ನು ನೋಡಿಕೊಂಡು, "ಹೊತ್ತಾಯ್ತು, ಹೊರಡ್ತೀನಿ" ಎಂದು ಕೊಡೆ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಯಾರನ್ನೂ ಕೇಳುತ್ತಿರಲಿಲ್ಲ. ಹೊರಡುತ್ತೇನೆ ಎಂದು ತಾನೇ ಹೇಳಿ ತಾನೇ ಹೊರಡುವ ಹೆಂಗಸನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದು.

ಅವರು ನನ್ನ ಪುಟ ಓದಿ, ಮೂರನೆಯ ಸಾಲಿನ ಕೆಳಗೆ ಗೆರೆ ಎಳೆದರು. "ಮೊದಲು ಇದು. ಉಳಿದದ್ದು ಆಮೇಲೆ" ಎಂದರು.

ನಮ್ಮ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿತ್ತು. ಹಳಬರು ಊರನ್ನು ಇನ್ನೂ ಬೆಂಕಿಪುರ ಎಂದೇ ಕರೆಯುತ್ತಿದ್ದರು. ಅಪ್ಪಯ್ಯನಿಗೆ ಊರಾಚೆ ಸ್ವಲ್ಪ ಗದ್ದೆ, ಜೊತೆಗೆ ನಾಲ್ಕು ಎತ್ತಿನ ಗಾಡಿ. ಕಾಡಿನಿಂದ ಕಬ್ಬಿಣದ ಕಾರ್ಖಾನೆಗೆ ಸೌದೆ ಸಾಗಿಸುವುದು ಗಾಡಿಗಳ ಕೆಲಸ. ನಾನು ಓದಿಗಾಗಿ ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ಸೋದರಮಾವನ ಮನೆಯಲ್ಲಿದ್ದೆ. ಶನಿವಾರ ರೈಲಿನಲ್ಲಿ ಊರಿಗೆ ಬಂದು, ಸೋಮವಾರ ಬೆಳಗ್ಗೆ ಹಿಂದಕ್ಕೆ ಹೋಗುತ್ತಿದ್ದೆ.

ಅಪ್ಪಯ್ಯ ಕಾಗದಕ್ಕೆ ರುಜು ಹಾಕಿದ್ದನ್ನು ನಾನು ಕಂಡಿದ್ದು ಕಡಿಮೆ. ಅವನ ವ್ಯವಹಾರವೆಲ್ಲ ವೀಳ್ಯದಲ್ಲಿ ನಡೆಯುತ್ತಿತ್ತು. ಗಾಡಿ ಹೊಡೆಯುವವನನ್ನು ಗೊತ್ತುಮಾಡಿಕೊಳ್ಳಲಿ, ಎತ್ತು ಕೊಳ್ಳಲಿ, ಜಗಲಿಯ ಮೇಲೆ ಕೂತು ಮಾತಾಡಿ, ಕೊನೆಗೆ ಎರಡು ಎಲೆ ಒಂದು ಅಡಿಕೆಯನ್ನು ಎದುರಿನವನ ಅಂಗೈಯಲ್ಲಿ ಇಡುತ್ತಿದ್ದ. ಮಾತು ಕೊಡುವವನು ವೀಳ್ಯ ಕೊಡಬೇಕು. ಕೊಟ್ಟ ಮೇಲೆ ಮಳೆ ಬರಲಿ, ಎತ್ತು ಸಾಯಲಿ, ಆ ಮಾತು ಹಿಂದೆ ಹೋಗುವ ಹಾಗಿಲ್ಲ. ನಮ್ಮ ಕಡೆಯ ಒಕ್ಕಲು ಮನೆಗಳಲ್ಲೆಲ್ಲ ಇದೇ ಪದ್ಧತಿ. ಆದರೆ ಅಪ್ಪಯ್ಯನಷ್ಟು ಕಟ್ಟುನಿಟ್ಟು ಬೇರೆ ಯಾರೂ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕೆಲವರು ಹೊಗಳಿಕೆಯಾಗಿ, ಕೆಲವರು ಬೇಸತ್ತು.

ಇನ್ನು ಅತ್ತೆ, ಅಂದರೆ ಅಪ್ಪಯ್ಯನ ಅಕ್ಕ. ನಾನು ತೊಟ್ಟಿಲಲ್ಲಿದ್ದಾಗಲೇ, ತನ್ನ ಮಗನಿಗೆ ಇವಳೇ ಹೆಂಡತಿ ಎಂದು ಅವಳು ಹೇಳಿಕೊಂಡು ತಿರುಗಿದ್ದಳು. ಸೋದರಿಕೆಯ ಹಕ್ಕು. ಅವಳ ಮಗ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಹುಡುಗ ಕೆಟ್ಟವನೇನಲ್ಲ. ಅದೇ ತೊಂದರೆ. ಕುಡುಕನೋ ಪೋಲಿಯೋ ಆಗಿದ್ದರೆ ಬೇಡ ಎನ್ನುವುದಕ್ಕೆ ಒಂದು ಕಾರಣ ಸಿಗುತ್ತಿತ್ತು. ತಲೆ ತಗ್ಗಿಸಿಕೊಂಡು ಆಫೀಸಿಗೆ ಹೋಗಿ ತಲೆ ತಗ್ಗಿಸಿಕೊಂಡು ಬರುವವನ ಮೇಲೆ ಏನೆಂದು ದೂರು ಹೇಳುವುದು?

ಆ ವರ್ಷ ದೀಪಾವಳಿಗೆ ಬಂದ ಅತ್ತೆ, ಎಣ್ಣೆಸ್ನಾನದ ಕೂದಲನ್ನು ಬಿಸಿಲಿಗೆ ಹರಡಿಕೊಂಡು, "ಮಾಘದಲ್ಲಿ ಮಾಡಿಬಿಡೋಣ ಕಣೋ" ಎಂದಳು. ಮಾಘ ಎಂದರೆ ಪರೀಕ್ಷೆಗೆ ಎರಡು ತಿಂಗಳು ಮೊದಲು. ಅಪ್ಪಯ್ಯ "ನೋಡೋಣ" ಎಂದ. ಟೀಚರಮ್ಮ ಆ ಪದವನ್ನು ಯಾಕೆ ದ್ವೇಷಿಸುತ್ತಾರೆಂದು ನನಗೆ ಆಗ ಗೊತ್ತಾಯಿತು. ಹಿಂದಿನ ವರ್ಷ ನಮ್ಮ ತರಗತಿಯಲ್ಲಿ ಎಂಟು ಹುಡುಗಿಯರಿದ್ದೆವು. ಎಂಟನೆಯವಳು ಒಂದು ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಮುಂದಿನ ತಿಂಗಳು ಗಾಂಧಿಬಜಾರಿನಲ್ಲಿ ಕಂಡಾಗ ಕಾಲುಂಗುರ ಹಾಕಿಕೊಂಡಿದ್ದಳು. ನಮ್ಮನ್ನು ನೋಡಿ ಅಂಗಡಿಯೊಳಗೆ ಹೋಗಿಬಿಟ್ಟಳು.

ರಜೆ ಮುಗಿಯುವ ಮೊದಲೇ ಏನಾದರೂ ಮಾಡಬೇಕಿತ್ತು. ಏನೋ ನೆಪ ಹೇಳಿ ಒಂದು ದಿನ ಶಿವಮೊಗ್ಗಕ್ಕೆ ಹೋಗಿ, ಟೀಚರಮ್ಮನ ಮನೆಯ ಬಾಗಿಲು ತಟ್ಟಿದೆ. ಅವರು ಅವರೆಕಾಳು ಬಿಡಿಸುತ್ತ ಕೂತಿದ್ದರು. ಎಲ್ಲ ಹೇಳಿದೆ.

"ನಿಮ್ಮಪ್ಪ ಮಾತು ಕೊಟ್ರೆ ನಡೆಸ್ತಾರಾ?"

"ಜೀವ ಹೋದ್ರೂ ನಡೆಸ್ತಾರೆ ಟೀಚರ್."

"ಹಾಗಾದ್ರೆ ಒಂದೇ ಒಂದು ಮಾತು ಕೇಳು. ಮೂರೂ ಒಟ್ಟಿಗೆ ಕೇಳಿ ಮೂರೂ ಕಳ್ಕೋಬೇಡ. ಮೈಸೂರು ಗೀಸೂರು ಅಂದ್ರೆ ಗಾಬರಿ ಬೀಳ್ತಾರೆ. ಪರೀಕ್ಷೆಗೆ ಕೂರೋವರೆಗೆ ಓದೋಕೆ ಬಿಡಿ ಅಂತ ಕೇಳು. ತಾರೀಕು ಹಾಕಿ ಕೇಳು."

ನನಗೂ ಅದೇ ಸರಿ ಅನ್ನಿಸಿತು. ಅತಿ ಆಸೆ ಗತಿ ಕೇಡು ಎಂದು ಕೇಳಿಕೊಂಡು ಬೆಳೆದವಳು ನಾನು. ಪಾಸಾದ ಮೇಲೆ ಕೈಯಲ್ಲಿ ಒಂದು ಸರ್ಟಿಫಿಕೇಟಿರುತ್ತದೆ, ಆಗ ಎರಡನೆಯ ಮಾತು ಕೇಳಿದರಾಯಿತು ಎಂದು ರೈಲಿನಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ಮೆಟ್ಟಿಲು ಹತ್ತಿ ನಿಂತು, ಆಮೇಲೆ ಇನ್ನೊಂದು. ಬುದ್ಧಿವಂತಿಕೆ ಎಂದೇ ಅಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಅಪ್ಪಯ್ಯ ಜಗಲಿಯಲ್ಲಿದ್ದ. ಅತ್ತೆಯೂ ಇದ್ದಳು. ನಾನು ಒಳಗಿನಿಂದ ಎಲೆಯಡಿಕೆ ತಟ್ಟೆ ತಂದು ಅಪ್ಪಯ್ಯನ ಮುಂದೆ ಇಟ್ಟೆ. ಯಾರಿಗೋ ಕೊಡಲು ತಂದಿದ್ದಾಳೆಂದು ಅವನು ಅತ್ತಿತ್ತ ನೋಡಿದ.

"ಯಾರು ಬಂದವ್ರೆ?"

"ಯಾರೂ ಇಲ್ಲ. ನಂಗೆ ಒಂದು ಮಾತು ಬೇಕು. ವೀಳ್ಯ ಕೊಟ್ಟು ಹೇಳ್ಬೇಕು."

ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ! ಹೆತ್ತಪ್ಪನ ಹತ್ರ ವೀಳ್ಯ ಕೇಳ್ತಾಳಲ್ಲೋ! ಓದಿಸು ಇನ್ನೂ. ನಾಳೆ ನಿನ್ನೇ ಜೀತಕ್ಕಿಟ್ಕೊಂತಾಳೆ."

"ಸುಮ್ಮನಿರು ಅಕ್ಕಯ್ಯ" ಎಂದು ಅಪ್ಪಯ್ಯ ಎಲೆ ಅಡಿಕೆ ಕೈಗೆ ತೆಗೆದುಕೊಂಡ. "ಏನು ಮಾತು, ಹೇಳು ಮಗಾ."

"ಎಸ್ಸೆಸ್ಸೆಲ್ಸಿ ಕೊನೇ ಪೇಪರು ಬರೆಯೋವರೆಗೂ ಈ ಮನೇಲಿ ಯಾರೂ ನನ್ನ ಮದುವೆ ಮಾತು ಎತ್ತಬಾರದು."

ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತು. ಎಲ್ಲೂ ತಡವರಿಸಲಿಲ್ಲ. ಅಪ್ಪಯ್ಯ ಒಂದು ಗಳಿಗೆ ನನ್ನನ್ನು ನೋಡಿ, ವೀಳ್ಯವನ್ನು ನನ್ನ ಅಂಗೈಯಲ್ಲಿಟ್ಟ. "ಆಯ್ತು. ಕೊನೇ ಪೇಪರಿನವರೆಗೆ" ಎಂದ. ಅತ್ತೆ ಸೆರಗು ಝಾಡಿಸಿಕೊಂಡು ಒಳಗೆ ಹೋದಳು. ನನಗೆ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ, ಆದರೆ ಅಡುಗೆಮನೆಗೆ ಹೋಗಿ ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಮುಂದಿನ ಐದು ತಿಂಗಳು ಅಪ್ಪಯ್ಯ ಆ ಮಾತನ್ನು ಕಾದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ಅಮ್ಮ ಯಾವುದೋ ಸೀರೆಯ ಬಣ್ಣ ಚೆನ್ನಾಗಿದೆ ಎಂದರೆ, "ಯಾರಿಗೆ ಸೀರೆ? ಯಾಕೆ?" ಎಂದು ವಿಚಾರಣೆ. ಪಕ್ಕದ ಮನೆಯಾಕೆ ಬಾವಿಯ ಹತ್ತಿರ ನನ್ನನ್ನು "ಯಾವಾಗ ಹಾಕಿಸ್ತೀಯೇ ಊಟ?" ಎಂದು ಛೇಡಿಸಿದ್ದು ಕಿವಿಗೆ ಬಿದ್ದು, ಆ ಮನೆಗೇ ಹೋಗಿ, "ಆ ಮಾತು ಈಗ ನಮ್ಮನೇಲಿಲ್ಲ, ದಯಮಾಡಿ ಎತ್ತಬೇಡಿ" ಎಂದು ಕೈ ಮುಗಿದು ಬಂದ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಅತ್ತೆ, "ಹುಡುಗನ ಜಾತಕ..." ಎಂದು ಬಾಯಿ ತೆಗೆದಳು. "ಅಕ್ಕಯ್ಯ, ಕಬ್ಬು ತಿನ್ನು" ಎಂದು ಅಪ್ಪಯ್ಯ ಒಂದು ಜಲ್ಲೆ ಮುರಿದು ಕೊಟ್ಟ. ಪಾಪ, ಅವಳು ಸಂಜೆಯವರೆಗೂ ಎಮ್ಮೆ ಕರು ಹಾಕಿದ ಸುದ್ದಿಯೊಂದನ್ನೇ ಮಾತಾಡಿ ಹೋದಳು. ಅವಳ ಮಗನಂತೂ ಸ್ಟೇಷನ್ನಿನಲ್ಲಿ ನನ್ನನ್ನು ದೂರದಿಂದ ಕಂಡರೆ ಸಾಕು, ಪ್ಲಾಟ್‌ಫಾರಮ್ಮಿನ ಆ ತುದಿಗೆ ನಡೆದುಬಿಡುತ್ತಿದ್ದ.

ನಾನು ನಿಶ್ಚಿಂತೆಯಿಂದ ಓದಿದೆ. ಬೆಳಗ್ಗೆ ಐದಕ್ಕೆ ಎದ್ದು ರೇಖಾಗಣಿತ, ಸ್ನಾನವಾದ ಮೇಲೆ ಇಂಗ್ಲಿಷು, ಸಂಜೆ ಮಾವನ ಮನೆಯ ಹಿತ್ತಲಲ್ಲಿ ಅಡ್ಡಾಡುತ್ತ ಚರಿತ್ರೆ. ಪ್ರತಿ ಸೋಮವಾರ ಟೀಚರಮ್ಮ ನಮ್ಮ ನೋಟುಬುಕ್ಕಿನ ಮೊದಲ ಪುಟ ತೆಗೆಸಿ, ಆ ವಾರ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ಅವರ ಕೈಯಲ್ಲಿ ಬೈಸಿಕೊಳ್ಳದವಳು ನಾನೊಬ್ಬಳೇ. ಪರೀಕ್ಷೆಗೆ ಹದಿನೈದು ದಿನ ಇದ್ದಾಗ, "ಟ್ರೈನಿಂಗ್ ವಿಷಯ ಅಪ್ಪಂಗೆ ಹೇಳಿದ್ದೀಯಾ?" ಎಂದರು.

"ಪಾಸಾದ ಮೇಲೆ ಹೇಳ್ತೀನಿ ಟೀಚರ್."

ಅವರು ನನ್ನ ನೋಟುಬುಕ್ಕು ಮುಚ್ಚಿ ಕೈಗೆ ಕೊಟ್ಟರು. ಎಷ್ಟಾದರೂ ಅದು ಅವರದೇ ಪಾಠ.

ಕೊನೆಯ ಪೇಪರು ಚರಿತ್ರೆ. ಬೆಳಗಿನ ಹೊತ್ತು. ಚೆನ್ನಾಗಿಯೇ ಬರೆದೆ. ಹೊರಗೆ ಬಂದು ನಾವು ಏಳೂ ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸುಮ್ಮಸುಮ್ಮನೆ ನಕ್ಕೆವು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದೆವು. ಮಧ್ಯಾಹ್ನದ ರೈಲಿಗೆ ನಾನು ಊರಿಗೆ ಹೊರಟೆ. ಫಲಿತಾಂಶ ಬಂದ ಮೇಲೆ ಟ್ರೈನಿಂಗಿನ ಮಾತು ಹೇಗೆ ತೆಗೆಯುವುದು, ಅಮ್ಮನ ಮೂಲಕವೋ ನೇರವಾಗಿಯೋ ಎಂದು ಯೋಚಿಸುತ್ತಿದ್ದೆ.

ಭದ್ರಾವತಿ ಸ್ಟೇಷನ್ನಿನಲ್ಲಿ ಅಪ್ಪಯ್ಯ ನಿಂತಿದ್ದ. ಅವನು ಯಾವತ್ತೂ ನನ್ನನ್ನು ಕರೆಯಲು ಬಂದವನಲ್ಲ. ಒಗೆದ ಪಂಚೆ, ಜರಿ ಅಂಚಿನ ರುಮಾಲು.

"ಪೇಪರು ಮುಗೀತಾ ಮಗಾ?"

"ಮುಗೀತು."

"ಎಲ್ಲಾ?"

"ಎಲ್ಲಾ."

"ಹಂಗಾದ್ರೆ ಬಾ. ಮುಖ ತೊಳ್ಕೊಂಡು ಅಮ್ಮ ತೆಗೆದಿಟ್ಟಿರೋ ಸೀರೆ ಉಟ್ಕೊ. ಅಕ್ಕಯ್ಯ ಬಂದು ಕೂತಿದಾಳೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಇವತ್ತೇನಾ?" ಎಂದೆ.

"ಹೂಂ. ನಿಂಗೆ ಮಾತು ಕೊಟ್ಟ ದಿನ ಸಾಯಂಕಾಲವೇ ಅಕ್ಕಯ್ಯ ಅತ್ತಳು. ಅವಳಿಗೂ ವೀಳ್ಯ ಕೊಟ್ಟೆ. ಕೊನೇ ಪೇಪರು ಮುಗಿದ ದಿನವೇ ಬಂದು ನಿಶ್ಚಯ ಮಾಡ್ಕೊ ಅಂತ. ಇನ್ನೇನು ಮಾಡ್ಲಿ? ನಿನ್ನ ಮಾತು ನಡೆಸಿದೆ, ಅವಳದೂ ನಡೆಸ್ಬೇಕಲ್ಲ."

ಅವನ ದನಿಯಲ್ಲಿ ಕೋಪವಿರಲಿಲ್ಲ, ಮೋಸವೂ ಇರಲಿಲ್ಲ. ಎರಡು ಕಡೆಯ ಬಾಡಿಗೆಯನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ ಗಾಡಿಯವನ ಸಮಾಧಾನವಿತ್ತು. ಮಾತಿಗೆ ತಪ್ಪಿದೆ ಎನ್ನಲೇ? ಒಂದು ದಿನವೂ ತಪ್ಪಿರಲಿಲ್ಲ. ಟ್ರೈನಿಂಗ್ ವಿಷಯ ಎತ್ತಲೇ? ಒಂದು ಮಾತು ಮುಗಿದು, ಇನ್ನೊಬ್ಬರ ಮಾತು ಶುರುವಾಗಿದ್ದ ಹೊತ್ತು ಅದು. ಅತ್ತೆಯ ಅಂಗೈಗೆ ಬಿದ್ದ ವೀಳ್ಯವನ್ನು ಅಪ್ಪಯ್ಯ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅದೇ ನಂಬಿಕೆಯ ಮೇಲೆ ತಾನೇ ನಾನೂ ಐದು ತಿಂಗಳು ಓದಿದ್ದು. ಅವನ ಹಿಂದೆ ನಡೆದೆ.

ವೈಶಾಖದಲ್ಲಿ ಮದುವೆಯಾಯಿತು. ಫಲಿತಾಂಶ ಆಮೇಲೆ ಬಂತು. ಪಾಸಾಗಿದ್ದೆ, ಒಳ್ಳೆಯ ನಂಬರು. ಅತ್ತೆ ಕೇರಿಗೆಲ್ಲ ಸಕ್ಕರೆ ಹಂಚಿ, "ನಮ್ಮ ಸೊಸೆ ಎಸ್ಸೆಸ್ಸೆಲ್ಸಿ" ಎಂದು ಹೇಳಿಕೊಂಡು ಬಂದಳು. ಟೀಚರಮ್ಮ ಮದುವೆಗೆ ಬಂದಿದ್ದರು. ಉಡುಗೊರೆಯಾಗಿ ಒಂದು ಪೆನ್ನು ಕೊಟ್ಟು, ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. "ತಾರೀಕು ಹಾಕು ಅಂದಿದ್ದು ನಾನೇ ಅಲ್ವೇನೇ" ಎಂದರು. "ಊಟಕ್ಕೆ ಏಳಿ ಟೀಚರ್, ಪಂಕ್ತಿ ಕೂರ್ತಾ ಇದೆ" ಎಂದೆ.

ಅತ್ತೆ ನನ್ನನ್ನು ಗೋಳು ಹೊಯ್ದುಕೊಳ್ಳಲಿಲ್ಲ. ಆ ಥರದ ಕಥೆ ಬೇಕಾದವರು ಬೇರೆ ಕಡೆ ನೋಡಬೇಕು. ಗಂಡನೂ ಒಳ್ಳೆಯವನೇ. ಸಂಜೆ ಕಾರ್ಖಾನೆಯ ಕೂಗು ಆದ ಮೇಲೆ ಮನೆಗೆ ಬಂದು, ಕಾಫಿ ಕುಡಿದು, ನಾನು ಪೇಪರು ಓದುವಾಗ ಮಗುವನ್ನು ಎತ್ತಿಕೊಳ್ಳುತ್ತಿದ್ದ. ಎಲ್ಲಿಗಾದರೂ ಹೋಗಬೇಕಾದರೆ ಕೇಳಿಕೊಂಡು ಹೋಗುತ್ತಿದ್ದೆ. ಅವನು ಯಾವತ್ತೂ ಬೇಡ ಎಂದವನಲ್ಲ. ಆದರೂ ಕೇಳುತ್ತಿದ್ದೆ.

ಏಳೆಂಟು ವರ್ಷ ಕಳೆಯಿತು. ಯುದ್ಧದ ಕಾಲ ಬಂತು, ಸೀಮೆಎಣ್ಣೆಗೆ ಸಾಲು ನಿಲ್ಲುವ ಹಾಗಾಯಿತು. ಎರಡನೆಯ ಬಾಣಂತನಕ್ಕೆ ನಾನು ತವರಿಗೆ ಬಂದಿದ್ದೆ. ನನ್ನ ಕೊನೆಯ ತಂಗಿ ಆಗ ಅದೇ ಹೈಸ್ಕೂಲಿನ ಕೊನೆಯ ವರ್ಷ. ಟೀಚರಮ್ಮನಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ಈ ಹುಡುಗಿಗೆ ಮೂರು ಸಾಲು ಬರೆಸಿದವರು ಯಾರೂ ಇರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಅಪ್ಪಯ್ಯ ಅಂಗಳದಲ್ಲಿ ಗಾಡಿಯ ಚಕ್ರ ಕಳಚಿ ಅಚ್ಚಿಗೆ ಎಣ್ಣೆ ಹಚ್ಚುತ್ತಿದ್ದ. ನಾನು ಜಗಲಿಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದೆ. ತಂಗಿ ಪೇರಲಹಣ್ಣು ಕಚ್ಚುತ್ತ ಬಂದು ಅವನ ಪಕ್ಕ ನಿಂತಳು.

"ಅಪ್ಪಯ್ಯ, ಎಸ್ಸೆಸ್ಸೆಲ್ಸಿ ಆದ್ಮೇಲೆ ನಾನು ಮೈಸೂರಿಗೆ ಹೋಗ್ತೀನಿ. ಟೀಚರ್ ಟ್ರೈನಿಂಗು."

"ಎಷ್ಟು ವರ್ಷ?"

"ಎರಡು."

"ಎಲ್ಲಿರ್ತೀಯ?"

"ಹಾಸ್ಟೆಲ್ ಐತೆ."

"ಅನ್ನ ಹಾಕ್ತಾರಾ, ಬರೀ ಮುದ್ದೆನಾ?"

"ಅನ್ನನೂ ಹಾಕ್ತಾರಂತೆ."

"ಮತ್ತೆ ಮದುವೆ?"

"ಆಮೇಲೆ ಮಾರಾಯ. ಎಲ್ಲಿಗೆ ಓಡಿಹೋಗ್ತೈತೆ ಮದುವೆ?"

ಅಪ್ಪಯ್ಯ ನಕ್ಕ. "ಆಯ್ತು ಹೋಗು. ಆ ಹಳೇ ಬಟ್ಟೆ ಇತ್ಲಾಗೆ ಕೊಡು" ಎಂದು ಕೈ ಚಾಚಿದ. ಅವಳು ಬಟ್ಟೆ ಎಸೆದು, ಪೇರಲಹಣ್ಣು ತಿನ್ನುತ್ತ ಒಳಗೆ ಹೋದಳು. ಅಷ್ಟೇ. ತಟ್ಟೆಯಿಲ್ಲ, ವೀಳ್ಯವಿಲ್ಲ, ಬಾಯಿಪಾಠವಿಲ್ಲ.

ನನಗೆ ಹೊಟ್ಟೆ ಉರಿಯಿತು. ಒಡಹುಟ್ಟಿದ ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಗೊತ್ತು, ಆದರೂ ಉರಿಯಿತು. ಮಗುವನ್ನು ಅಮ್ಮನ ಕೈಗೆ ಕೊಟ್ಟು ಅಂಗಳಕ್ಕೆ ಇಳಿದೆ.

"ನನ್ನನ್ನ ಯಾಕೆ ಕಳಿಸ್ಲಿಲ್ಲ ಅಪ್ಪಯ್ಯ?"

"ಎಲ್ಲಿಗೆ?"

"ಮೈಸೂರಿಗೆ. ಟ್ರೈನಿಂಗಿಗೆ. ನಂಗೂ ಟೀಚರ್ ಆಗೋ ಆಸೆ ಇತ್ತು."

ಅಪ್ಪಯ್ಯ ಎಣ್ಣೆಗೈಯನ್ನು ಹಾಗೇ ಎತ್ತಿಕೊಂಡು ನನ್ನ ಮುಖವನ್ನೇ ನೋಡಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನೀನು ಕೇಳ್ಲೇ ಇಲ್ಲವಲ್ಲ ಮಗಾ."

"ಕೇಳಿದ್ರೆ ಕಳಿಸ್ತಿದ್ಯಾ? ಅತ್ತೆ ಬಿಡ್ತಿದ್ಲಾ?"

ಅವನು ಚಕ್ರಕ್ಕೆ ಒರಗಿ ಕೂತ. ಆ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದ.

"ಅವತ್ತು ನೀನು ವೀಳ್ಯ ಕೇಳಿದಾಗ ನಂಗೆ ಎದೆ ಡವಡವ ಅಂತಿತ್ತು ಕಣಮ್ಮ. ಅತ್ತೆ ಮಗ ಬೇಡವೇ ಬೇಡ ಅಂತಾಳೋ, ಇನ್ನೂ ಓದ್ತೀನಿ ದೂರ ಕಳ್ಸು ಅಂತಾಳೋ ಅಂತ. ಏನೇ ಕೇಳ್ಲಿ, ಕೊಟ್ಟೇಬಿಡೋದು, ಅಕ್ಕಯ್ಯನ ಕಾಲು ಹಿಡಿದ್ರಾಯ್ತು ಅಂದ್ಕೊಂಡೇ ಎಲೆ ಕೈಗೆ ತಗೊಂಡೆ. ನೀನು ಪೇಪರು ಅಂದೆ. ಇಷ್ಟೇನಾ ಇವಳಿಗೆ ಬೇಕಾಗಿರೋದು ಅಂತ ನಂಗೆ ಸಮಾಧಾನ ಆಗೋಯ್ತು."

ಅಪ್ಪಯ್ಯ ಸುಳ್ಳು ಹೇಳುವವನಲ್ಲ. ಆ ಭಾನುವಾರವೊಂದು ದಿನ ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು.